ಬೆರಕೆ ಸೊಪ್ಪಿನ ದಾಯಾದಿಗಳು

ಹೋದ ಸೆಪ್ಟೆಂಬರಿನ ಒಂದು ಮಂಗಳವಾರ, ಮೀಟಿಂಗ್ ನಡುವೆ ದೊಡ್ಡಪ್ಪನ ಫೋನು. ಎರಡು ಸಲ ಕಟ್ ಮಾಡಿದೆ. ಮೂರನೇ ಸಲ ಬಂದಾಗ ಊರಲ್ಲಿ ಯಾರಿಗೋ ಏನೋ ಆಗಿದೆ ಅಂತ ಗಾಬರಿಯಾಗಿ ಹೊರಗೆ ಬಂದು ಎತ್ತಿದೆ.

“ಔಸ್ದಿ ಹೊಡ್ಸಿ ಇಪ್ಪತ್ ದಿನ ಆಯ್ತು ಕಣವ್ವ. ಹುಲ್ಲೆಲ್ಲ ಸತ್ತದೆ. ಜೇಕು ಮಾತ್ರ ಹಂಗೇ ನಿಂತದೆ. ಆ ಅಂಗ್ಡಿಯೋನು ಡೂಪ್ಲಿಕೇಟ್ ಕೊಟ್ಬುಟ್ಟವ್ನೆ.”

ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವೆ, ಕಬಿನಿ ನಾಲೆ ಕೆಳಗೆ ನಮ್ಮದು ಎರಡು ಎಕರೆ ಗದ್ದೆ. ಮಾಡೋರು ದೊಡ್ಡಪ್ಪ. ನಾನು ಬೆಂಗಳೂರಲ್ಲಿ ಕೂತು ಗೊಬ್ಬರಕ್ಕೆ, ಔಷಧಿಗೆ, ಕಟಾವು ಮಿಷನ್ನಿಗೆ ಯುಪಿಐ ಮಾಡ್ತೀನಿ, ಸಂಕ್ರಾಂತಿಗೆ ಹೋಗಿ ಎರಡು ಮೂಟೆ ಅಕ್ಕಿ ತರ್ತೀನಿ. ಇದನ್ನೇ ನಾನು ಆಫೀಸಲ್ಲಿ “ನಮ್ಮದು ಕೃಷಿ ಕುಟುಂಬ” ಅಂತ ಹೇಳಿಕೊಳ್ಳೋದು. ನಿಮ್ಮಲ್ಲೂ ಕೆಲವರು ಹೀಗೇ ಇರ್ತೀರಿ, ಬೇಜಾರು ಮಾಡ್ಕೋಬೇಡಿ.

ದೊಡ್ಡಪ್ಪ ಅಂಗಡಿಯವನನ್ನು ಬೈದು ಫೋನಿಟ್ಟರು. ಆದರೆ ಅವರ ಮಾತಿನ ನಡುವಿನ ತುಂಡೊಂದು ನನ್ನ ತಲೆಯಲ್ಲೇ ಉಳೀತು. ಹುಲ್ಲೆಲ್ಲ ಸತ್ತದೆ, ಜೇಕು ಮಾತ್ರ ನಿಂತದೆ. ಔಷಧಿ ನಕಲಿ ಆಗಿದ್ದರೆ ಹುಲ್ಲು ಯಾಕೆ ಸಾಯಬೇಕಿತ್ತು? ಈ ಪ್ರಶ್ನೆ ಹಿಡಿದು ಓದೋಕೆ ಕೂತವಳು ಎಲ್ಲೆಲ್ಲೋ ಹೋಗಿ ಬಂದೆ: ಹವಾಯಿ ದ್ವೀಪದ ಕಬ್ಬಿನ ತೋಟ, ಹರಿಯಾಣದ ಗೋಧಿ ಹೊಲ, ಜಾರ್ಜಿಯಾದ ಹತ್ತಿ. ಹೋದಲ್ಲೆಲ್ಲ ನನಗೆ ನಮ್ಮಜ್ಜಿ ಕಾಣಿಸಿಕೊಳ್ತಾ ಇದ್ದಳು. ಅದಕ್ಕೇ ಅವಳಿಂದಲೇ ಶುರು ಮಾಡ್ತೀನಿ.

ನಮ್ಮಜ್ಜಿ ಕಳೆ ಕೀಳೋದರಲ್ಲಿ ಹೆಸರುವಾಸಿ. ಪೈರು ಎಳೆಯದಿದ್ದಾಗ ಭತ್ತ ಯಾವುದು, ಹುಲ್ಲು ಯಾವುದು ಅಂತ ನನ್ನಂಥವರಿಗೆ ಏನು ಮಾಡಿದರೂ ಗೊತ್ತಾಗಲ್ಲ, ಎರಡೂ ಒಂದೇ ಹಸಿರು, ಒಂದೇ ನಿಲುವು. ಅಜ್ಜಿ ಒಂದು ಎಲೆಯನ್ನು ಉಗುರಲ್ಲಿ ಹಿಂದಕ್ಕೆ ಬಗ್ಗಿಸಿ, ಎಲೆ ಕಾಂಡಕ್ಕೆ ಅಂಟಿಕೊಳ್ಳೋ ಜಾಗ ತೋರಿಸೋಳು. ಭತ್ತಕ್ಕೆ ಅಲ್ಲಿ ತೆಳ್ಳಗೆ, ಬಿಳಿಯಾಗಿ ಒಂದು ಪೊರೆ ಎದ್ದಿರುತ್ತೆ. ಹುಲ್ಲಿಗೆ ಇರಲ್ಲ. “ನಾಲ್ಗೆ ಇದ್ರೆ ಭತ್ತ, ಮೂಕಿ ಆದ್ರೆ ಕಳೆ,” ಅನ್ನೋಳು. ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಆ ಪೊರೆಗೆ ಲಿಗ್ಯೂಲ್ ಅಂತ ಹೆಸರು. ಲ್ಯಾಟಿನ್ನಿನಲ್ಲಿ ಅದರ ಅರ್ಥ ಪುಟ್ಟ ನಾಲಿಗೆ. ಅಜ್ಜಿಗೆ ಲ್ಯಾಟಿನ್ ಬರ್ತಿರಲಿಲ್ಲ.

ಆ ಮೂಕಿ ಹುಲ್ಲಿನ ಶಾಸ್ತ್ರೀಯ ಹೆಸರು ಎಕೈನೋಕ್ಲೋವಾ. ಅದು ಭತ್ತದ ಹಾಗೆ ಕಾಣೋದು ಆಕಸ್ಮಿಕ ಅಲ್ಲ. ಅದರ ಕಾಡು ದಾಯಾದಿಗಳಲ್ಲಿ ಕಾಂಡದ ಬುಡ ಕೆಂಪಗಿರುತ್ತೆ, ನೆಲಕ್ಕೆ ಹರಡಿಕೊಂಡು ಬೆಳೆಯುತ್ತೆ, ದೂರದಿಂದಲೇ ಗುರುತು ಸಿಗುತ್ತೆ. ಅಂಥವನ್ನೆಲ್ಲ ಜನ ಕಿತ್ತು ಬದುವಿಗೆ ಎಸೆದರು. ಸ್ವಲ್ಪ ನೆಟ್ಟಗೆ, ಸ್ವಲ್ಪ ಹಸಿರಾಗಿ, ಭತ್ತದ ಹಾಗೆ ಇದ್ದವು ಕಣ್ತಪ್ಪಿ ಉಳಿದವು, ಬೀಜ ಉದುರಿಸಿದವು. ಮುಂದಿನ ವರ್ಷವೂ ಅದೇ, ಅದರ ಮುಂದಿನ ವರ್ಷವೂ ಅದೇ. 2019ರಲ್ಲಿ ಚೀನಾದ ಯಾಂಗ್ಟ್ಸಿ ನದಿ ಬಯಲಿನ ಎಕೈನೋಕ್ಲೋವಾ ಹುಲ್ಲಿನ ಜೀನೋಮ್ ಓದಿದ ವಿಜ್ಞಾನಿಗಳು, ಈ ವೇಷ ಸುಮಾರು ಒಂದು ಸಾವಿರ ವರ್ಷದ ಹಿಂದೆ ಶುರುವಾಯಿತು ಅಂತ ಲೆಕ್ಕ ಹಾಕಿದರು. ರಷ್ಯಾದ ವಾವಿಲೋವ್ ಹಿಂದೆಯೇ ಇಂಥದ್ದನ್ನು ಗುರುತಿಸಿದ್ದ. ರೈ ಅನ್ನೋ ಧಾನ್ಯ ಗೋಧಿ ಹೊಲದ ಕಳೆಯಾಗಿದ್ದು, ಗೋಧಿಯ ಹಾಗೇ ಆಗ್ತಾ ಆಗ್ತಾ ಕೊನೆಗೆ ತಾನೇ ಬೆಳೆ ಆಯ್ತು ಅನ್ನೋದು ಅವನ ವಾದ.

ಅಂದರೆ ನಾವು ಕಳೆ ತೆಗೆಯೋಕೆ ಶುರು ಮಾಡಿದ ದಿನದಿಂದಲೇ ಎಂಥ ಕಳೆ ಉಳೀಬೇಕು ಅಂತ ಆರಿಸ್ತಾನೂ ಇದ್ದೀವಿ. ಕೈಯಿಂದ ಕಿತ್ತಾಗ ಕಣ್ಣಿಗೆ ಮೋಸ ಮಾಡೋವು ಉಳಿದವು. ಔಷಧಿಯಿಂದ ಕೊಂದಾಗ ಔಷಧಿಗೆ ಸಾಯದವು ಉಳಿದವು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಕೈಗೆ ನೂರಾರು ವರ್ಷ ಹಿಡಿದ ಕೆಲಸಕ್ಕೆ ಔಷಧಿಗೆ ಹತ್ತು ವರ್ಷ ಸಾಕು.

ಕೈಗಳ ಕಾಲದ ಬಗ್ಗೆ ಇನ್ನೂ ಸ್ವಲ್ಪ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನು ಮೈಸೂರು ಸೀಮೆ ನೋಡಿ ಬಾ ಅಂತ ಕಳಿಸಿತು. ಅವನು ಶ್ರೀರಂಗಪಟ್ಟಣದ ಸುತ್ತ ಭತ್ತ ಹಾಕೋ ಮೂರು ಬಗೆ ಬರೆದುಕೊಂಡ: ಒಣ ಬೀಜ ಬಿತ್ತೋದು, ಮೊಳಕೆ ಕಟ್ಟಿ ಚೆಲ್ಲೋದು, ಪೈರು ಕಿತ್ತು ನಾಟಿ ಮಾಡೋದು. ಇವು ಮೂರನ್ನೂ ನಾವು ಬಿತ್ತನೆ ವಿಧಾನ ಅಂತಲೇ ಓದಿಕೊಂಡಿದ್ದೀವಿ. ಕಳೆ ಕಡೆಯಿಂದ ನೋಡಿದರೆ ಕಥೆ ಬೇರೆ. ನಾಟಿ ಅಂದರೆ ಭತ್ತಕ್ಕೆ ಮೂರು ನಾಲ್ಕು ವಾರ ಮುಂದಾಗಿ ಓಟ ಶುರು ಮಾಡಿಸೋದು. ಕೆಸರು ತುಳಿದು, ನೀರು ನಿಲ್ಲಿಸಿ, ಕಳೆ ಬೀಜಕ್ಕೆ ಉಸಿರು ಕಟ್ಟಿಸಿ, ಆಮೇಲೆ ಆಗಲೇ ಗೇಣುದ್ದ ಆಗಿರೋ ಪೈರನ್ನು ತಂದು ನಿಲ್ಲಿಸೋದು. ನೀರು, ಎತ್ತು, ಹೆಂಗಸರ ಬೆನ್ನು ಮೂರೂ ಸೇರಿದ ಕಳೆ ಔಷಧಿ ಅದು. ಹುಲ್ಲಹಳ್ಳಿ ಅಣೆ, ಮಾಧವಮಂತ್ರಿ ಅಣೆಯಂಥ ಹಳೇ ಅಣೆಕಟ್ಟುಗಳ ಕೆಳಗೆ ಈ ಪದ್ಧತಿ ತಲೆಮಾರುಗಳು ನಡೆದುಕೊಂಡು ಬಂತು.

ಕಿತ್ತ ಕಳೆಯಲ್ಲಿ ಅರ್ಧ ದನಕ್ಕೆ, ಕೆಲವು ಮನೆಗೆ. ಗದ್ದೆ ಬದುವಿನ ಹೊನಗೊನೆ, ರಾಗಿ ಹೊಲದ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕೀರೆ, ಕನ್ನೆ ಸೊಪ್ಪು. ಎಲ್ಲ ಮಡಿಲಿಗೆ ಬೀಳೋದು, ಸಂಜೆ ಬೆರಕೆ ಸೊಪ್ಪಿನ ಬಸ್ಸಾರು ಆಗೋದು. ಇದನ್ನು ಹೇಳಿ ಹಳೇ ಕಾಲ ಚೆಂದಿತ್ತು ಅಂತ ಕಣ್ಣೀರು ಹಾಕೋಕೆ ನನಗೆ ಇಷ್ಟ ಇಲ್ಲ. ದಿನಗಟ್ಟಲೆ ಬಗ್ಗಿ ನಿಂತ ನಮ್ಮಜ್ಜಿ ಸೊಂಟ ಮತ್ತೆ ನೆಟ್ಟಗಾಗಲೇ ಇಲ್ಲ. ಮಳೆಗಾಲ ಪೂರ್ತಿ ಕಾಲ್ಬೆರಳ ಸಂದಿಯಲ್ಲಿ ಕೆಸರು ಹುಣ್ಣು. ಕಳೆ ಕೀಳೋ ಸಾಲಿನಲ್ಲಿ ನಿಂತವರು ಯಾರು, ಬದುವಿನ ಮೇಲೆ ಕೊಡೆ ಹಿಡಿದು ನಿಂತವರು ಯಾರು ಅನ್ನೋದನ್ನ ಊರಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಸಾಲಿಗೆ ಒಂದು ವಿದ್ಯೆ ಇತ್ತು: ಗದ್ದೆಯ ಪ್ರತಿ ಗಿಡವನ್ನೂ ವರ್ಷಕ್ಕೆ ಎರಡು ಸಲ ಯಾರೋ ಒಬ್ಬರು ಮುಟ್ಟಿ ನೋಡ್ತಾ ಇದ್ದರು.

ಈಗ ಔಷಧಿಗೆ ಬರೋಣ. ಎರಡನೇ ಮಹಾಯುದ್ಧದ ಹೊತ್ತಲ್ಲಿ ಬ್ರಿಟನ್ ಮತ್ತು ಅಮೆರಿಕದ ಪ್ರಯೋಗಾಲಯಗಳು ಗುಟ್ಟಾಗಿ ಹುಡುಕಿದ ಒಂದು ರಾಸಾಯನಿಕ, 2,4-ಡಿ. ಅಗಲ ಎಲೆ ಗಿಡಗಳನ್ನು ಸಾಯಿಸಿ ಹುಲ್ಲಿನ ಜಾತಿಯನ್ನು ಬಿಟ್ಟುಬಿಡುತ್ತೆ. ಜೋಳ, ಗೋಧಿ, ಭತ್ತ, ಕಬ್ಬು ಎಲ್ಲ ಹುಲ್ಲಿನ ಜಾತಿಯೇ ತಾನೇ? ಯುದ್ಧ ಮುಗಿದ 1945ರಲ್ಲೇ ಅಂಗಡಿಗೆ ಬಂತು. ಹೊಲದ ತುಂಬ ಸಿಂಪಡಿಸಿದರೂ ಬೆಳೆಗೆ ಏನೂ ಆಗದೆ ಕಳೆ ಮಾತ್ರ ಮುರುಟಿ ಸಾಯೋದನ್ನ ನೋಡಿದ ಆ ಕಾಲದ ರೈತರಿಗೆ ಅದು ಪವಾಡದ ಹಾಗೆ ಕಂಡಿರಬೇಕು.

ಹನ್ನೊಂದೇ ವರ್ಷಕ್ಕೆ, 1956ರಲ್ಲಿ, ಬ್ರಿಟನ್ನಿನ ಸಸ್ಯವಿಜ್ಞಾನಿ ಜಾನ್ ಹಾರ್ಪರ್ ಒಂದು ಸಮ್ಮೇಳನದಲ್ಲಿ ಪ್ರಬಂಧ ಓದಿದ: ಡಿಡಿಟಿಗೆ ನೊಣ ಸಾಯದ ಹಾಗೆ ಆಗಿದ್ದು ನೋಡಿದ್ದೀವಲ್ಲ, ಕಳೆಗಳೂ ಅದೇ ದಾರಿ ಹಿಡೀತಾವೆ ಅನ್ನೋದು ಅದರ ಸಾರ. ಮರುವರ್ಷವೇ ಎರಡು ಕಡೆಯಿಂದ ವರದಿ ಬಂತು. ಕೆನಡಾದ ಒಂಟಾರಿಯೋದಲ್ಲಿ ಕಾಡು ಕ್ಯಾರೆಟ್. ಇನ್ನೊಂದು ಹವಾಯಿಯ ಕಬ್ಬಿನ ಗದ್ದೆಯಿಂದ, ಕಾಮೆಲಿನಾ ಡಿಫ್ಯೂಸಾ ಅನ್ನೋ ಗಿಡ. ಈ ಹೆಸರನ್ನು ಗೂಗಲ್ಲಿಗೆ ಹಾಕಿ ಚಿತ್ರ ನೋಡಿದೆ. ಪುಟ್ಟ ನೀಲಿ ಹೂವು, ನೀರು ತುಂಬಿದ ಮೆತ್ತನೆ ಕಾಂಡ. ನಮ್ಮ ಕನ್ನೆ ಸೊಪ್ಪಿನ ಒಡಹುಟ್ಟು! ಕಳೆ ಔಷಧಿಗೆ ಜಗ್ಗದ ಗಿಡಗಳ ಪಟ್ಟಿಯಲ್ಲಿ ಮೊದಲ ಸಾಲಲ್ಲೇ ಬಸ್ಸಾರಿನ ಸೊಪ್ಪು.

ಅದಾದ ಮೇಲೆ ಪಟ್ಟಿ ಬೆಳೀತಾ ಹೋಯಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ನರ್ಸರಿಯಲ್ಲಿ 1958ರಿಂದ ಹತ್ತು ವರ್ಷ ಪ್ರತಿ ವರ್ಷ ಸಿಮಾಜಿನ್ ಹೊಡೆದರು. ಕೊನೆಗೆ ಗ್ರೌಂಡ್ಸೆಲ್ ಅನ್ನೋ ಹಳದಿ ಹೂವಿನ ಕಳೆ ಕ್ಯಾರೇ ಅನ್ನದೆ ನಿಂತಿತು. ಆ ವರದಿ 1970ರಲ್ಲಿ ಪ್ರಕಟವಾದ ಮೇಲೆಯೇ ವಿಜ್ಞಾನಿಗಳು ಈ ವಿಷಯವನ್ನು ಗಂಭೀರವಾಗಿ ತಗೊಂಡಿದ್ದು.

ದೊಡ್ಡಪ್ಪ ಹೇಳೋ ಪ್ರಕಾರ “ಔಸ್ದಿಗೆ ಅಭ್ಯಾಸ ಆಗ್ಬುಟ್ಟದೆ”, ಕುಡುಕನಿಗೆ ಕ್ವಾರ್ಟರ್ ಸಾಲದ ಹಾಗೆ. ಹಾಗಲ್ಲ. ಯಾವ ಗಿಡವೂ ಔಷಧಿ ಕುಡಿದು ಕಲಿಯಲ್ಲ. ಸಾಯೋದು ಸಾಯುತ್ತೆ. ಸಾಯದೇ ಇರೋ ಗಿಡ ಔಷಧಿ ಬರೋಕೆ ಮುಂಚೆನೇ ಅಲ್ಲಿ ಇತ್ತು, ಲಕ್ಷದಲ್ಲೊಂದು. ಭತ್ತದ ಗದ್ದೆಗೆ ಈಗ ಜಾಸ್ತಿ ಹೊಡೆಯೋದು ಬಿಸ್ಪೈರಿಬ್ಯಾಕ್ ಸೋಡಿಯಂ. ಗಿಡ ತನಗೆ ಬೇಕಾದ ಮೂರು ಅಮೈನೋ ಆಮ್ಲ ತಯಾರಿಸೋಕೆ ಎಎಲ್‌ಎಸ್ ಅನ್ನೋ ಕಿಣ್ವ ಬಳಸುತ್ತೆ. ಔಷಧಿ ಹೋಗಿ ಆ ಕಿಣ್ವದ ಸಂದಿಯಲ್ಲಿ ಕೂತುಬಿಟ್ಟರೆ ಗಿಡ ಹಸಿದು ಹಳದಿಯಾಗಿ ಸಾಯುತ್ತೆ. ಎಲ್ಲೋ ಒಂದು ಗಿಡದಲ್ಲಿ ಹುಟ್ಟುವಾಗಲೇ ಆ ಕಿಣ್ವದ ಒಂದೇ ಒಂದು ಕೊಂಡಿ ಬೇರೆ ಇರುತ್ತೆ. ಔಷಧಿಗೆ ಅಲ್ಲಿ ಕೂರೋಕೆ ಜಾಗ ಸಿಗಲ್ಲ, ಕಿಣ್ವ ತನ್ನ ಪಾಡಿಗೆ ಕೆಲಸ ಮಾಡ್ಕೊಂಡಿರುತ್ತೆ.

ಅಂಥ ಗಿಡ ಎಷ್ಟು ಅಪರೂಪ? ಆಸ್ಟ್ರೇಲಿಯಾದಲ್ಲಿ ಈ ಗುಂಪಿನ ಔಷಧಿಯನ್ನು ಯಾವತ್ತೂ ಕಾಣದ ರೈಗ್ರಾಸ್ ಹುಲ್ಲನ್ನು ಪರೀಕ್ಷೆ ಮಾಡಿ 2002ರಲ್ಲಿ ಬರೆದರು: ಲಕ್ಷಕ್ಕೆ ಸುಮಾರು ಎರಡರಿಂದ ಹನ್ನೆರಡು. ಕೇಳೋಕೆ ಏನೂ ಅಲ್ಲ ಅನ್ಸುತ್ತೆ. ನಮ್ಮ ಗದ್ದೆಗೆ ಇದೇ ಲೆಕ್ಕ ಹಾಕಿ ನೋಡಿ. ಎಕರೆಗೆ ನಾಲ್ಕು ಸಾವಿರ ಚದರ ಮೀಟರ್. ಮೀಟರಿಗೆ ನೂರು ಕಳೆ ಸಸಿ ಅಂತ ಇಟ್ಟುಕೊಂಡರೆ ನಾಲ್ಕು ಲಕ್ಷ. ಅದರಲ್ಲಿ ಎಂಟರಿಂದ ನಲವತ್ತೆಂಟು ಗಿಡ ಮೊದಲ ದಿನದಿಂದಲೇ ಸಾಯದವು. ಒಂದು ಎಕರೆಯಲ್ಲಿ ನಲವತ್ತೆಂಟು ಜೇಕು ಯಾರ ಕಣ್ಣಿಗೆ ಬೀಳುತ್ತೆ? “ಔಷಧಿ ಸೂಪರ್” ಅಂತಾನೇ ಹೇಳ್ತೀವಿ. ಒಂದೊಂದು ಗಿಡವೂ ಸಾವಿರಗಟ್ಟಲೆ ಬೀಜ ಉದುರಿಸುತ್ತೆ, ಅದಕ್ಕೆ ಪೈಪೋಟಿ ಕೊಡಬೇಕಾದ ಅಕ್ಕಪಕ್ಕದವು ಸತ್ತಿರ್ತವೆ. ಮರುವರ್ಷ ಅದೇ ಔಷಧಿ. ಮೂರನೇ ವರ್ಷವೂ ಅದೇ.

1974ರಲ್ಲಿ ಎರಡು ಘಟನೆ ನಡೆದವು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿ ಹತ್ತಿರ ಕಬಿನಿ ಅಣೆಕಟ್ಟು ಮುಗೀತು. ಅಮೆರಿಕದಲ್ಲಿ ಮಾನ್ಸಾಂಟೊ ಕಂಪನಿ ಗ್ಲೈಫೊಸೇಟನ್ನು ರೌಂಡಪ್ ಅನ್ನೋ ಹೆಸರಲ್ಲಿ ಮಾರೋಕೆ ಶುರು ಮಾಡಿತು. ಒಂದಕ್ಕೊಂದು ಸಂಬಂಧ ಇಲ್ಲ. ಆದರೆ ನಮ್ಮ ಎರಡು ಎಕರೆಯಲ್ಲಿ ಎರಡೂ ಬಂದು ಸೇರಿದವು. ನಾಲೆ ಬಂದ ಮೇಲೆ ರಾಗಿ, ಜೋಳದ ಹೊಲ ಗದ್ದೆ ಆಯ್ತು. ನೀರು ಬಿಟ್ಟ ವರ್ಷ ಭತ್ತದ ಮೇಲೆ ಭತ್ತ. ಎಡೆಕುಂಟೆ ಹೊಡೆಯೋ ಎತ್ತು ಹೋಯಿತು, ಟ್ರ್ಯಾಕ್ಟರ್ ಬಂತು. ಆಮೇಲೆ ಕೈಗಳೂ ಹೋದವು. ನಂಜನಗೂಡು ಕೈಗಾರಿಕಾ ಪ್ರದೇಶದ ಬಸ್ಸು, ಗಾರ್ಮೆಂಟ್ಸಿನ ವ್ಯಾನು ಬೆಳಿಗ್ಗೆ ಊರ ಬಾಗಿಲಿಗೇ ಬಂದು ನಿಲ್ಲುವಾಗ, ಕೆಸರಲ್ಲಿ ಬಗ್ಗಿ ನಿಂತು ಕಳೆ ಕೀಳೋಕೆ ಯಾವ ಹುಡುಗಿ ಬರ್ತಾಳೆ? ಬರಬಾರದು ಕೂಡ. ನಾನು ಬರಲಿಲ್ಲ.

ಹಾಗಾಗಿ ನಾಟಿ ಆಳು ಸಿಗದವರು ಮೊಳಕೆ ಚೆಲ್ಲೋ ಪದ್ಧತಿಗೆ ವಾಪಸ್ ಬಂದರು. ಬುಕಾನನ್ ಬರೆದುಕೊಂಡ ಎರಡನೇ ಬಗೆಗೆ, ಇನ್ನೂರು ವರ್ಷ ಆದ ಮೇಲೆ. ಚೆಲ್ಲಿದಾಗ ಭತ್ತ, ಕಳೆ ಎರಡೂ ಒಂದೇ ದಿನ ಹುಟ್ಟುತ್ತವೆ, ನಾಟಿಯ ಮುನ್ನಡೆ ಇಲ್ಲ. ಹಿಂದೆ ಆ ಕೊರತೆಯನ್ನು ಕೈಗಳು ತುಂಬ್ತಿದ್ದವು. ಈಗ ಸೀಸೆ. ಅರ್ಧ ದಿನದ ಕೂಲಿಗೆ ಒಬ್ಬ ಹುಡುಗ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಎರಡು ಎಕರೆ ಮುಗಿಸ್ತಾನೆ. ಅವನ ಕಣ್ಣು ನಾಜಲ್ ಮೇಲಿರುತ್ತೆ. ಗಿಡದ ಮೇಲಲ್ಲ.

ನಮ್ಮ ದೇಶದಲ್ಲಿ ಈ ಕಥೆ ಪೂರ್ತಿ ನಡೆದು, ಚೆನ್ನಾಗಿ ದಾಖಲಾಗಿರೋದು ಹರಿಯಾಣದಲ್ಲಿ. ಅಲ್ಲಿ ಗೋಧಿ ಹೊಲದ ದೊಡ್ಡ ಶತ್ರು ಫಲಾರಿಸ್ ಮೈನರ್, ಆ ಕಡೆಯವರ ಬಾಯಲ್ಲಿ ಮಂಡೂಸಿ, ಗುಲ್ಲಿ ಡಂಡಾ. ಎಳೆಯದರಲ್ಲಿ ಅದೂ ಗೋಧಿಯ ಹಾಗೇ ಕಾಣುತ್ತೆ, ನಮ್ಮ ಮೂಕಿ ಹುಲ್ಲಿನ ಥರ. ಗಿಡ್ಡ ಗೋಧಿ ತಳಿ, ಮಳೆಗಾಲಕ್ಕೆ ಭತ್ತ, ಚಳಿಗಾಲಕ್ಕೆ ಗೋಧಿ, ವರ್ಷದಿಂದ ವರ್ಷಕ್ಕೆ ಅದೇ. 70ರ ದಶಕದ ಕೊನೆಗೆ ಐಸೊಪ್ರೊಟ್ಯುರಾನ್ ಅನ್ನೋ ಔಷಧಿ ಬಂತು, ಅಗ್ಗ, ಚೆನ್ನಾಗಿ ಕೆಲಸ ಮಾಡ್ತು, ಎಲ್ಲರೂ ಅದನ್ನೇ ಹೊಡೆದರು. ಹತ್ತು ಹನ್ನೆರಡು ವರ್ಷ ಕಳೆದು 90ರ ದಶಕದ ಶುರುವಿಗೆ ಮಂಡೂಸಿ ಸಾಯೋದು ನಿಂತುಹೋಯಿತು. ಗೋಧಿಗಿಂತ ಕಳೆಯೇ ಜಾಸ್ತಿ ಆಗಿ, ಕೆಲವು ರೈತರು ತೆನೆ ಕಟ್ಟೋಕೆ ಮುಂಚೆನೇ ಹೊಲ ಕೊಯ್ದು ದನಕ್ಕೆ ಹಾಕಿದರು. ಅನ್ನದ ಬೆಳೆ ಮೇವಾಗಿ ಹೋಯಿತು.

ಹಿಸಾರ್‌ನ ಹರಿಯಾಣ ಕೃಷಿ ವಿಶ್ವವಿದ್ಯಾಲಯದ ಆರ್.ಕೆ. ಮಲಿಕ್ ಮತ್ತು ಸಮುಂದರ್ ಸಿಂಗ್ ಬೀಜ ತಂದು ಕುಂಡದಲ್ಲಿ ಬೆಳೆಸಿ, ಔಷಧಿ ಹೊಡೆದು ನೋಡಿ, ಇದು ಪ್ರತಿರೋಧವೇ ಹೌದು ಅಂತ ತೋರಿಸಿದರು. ಇಂಡಿಯಾದ ಮೊದಲ ಪ್ರಕರಣ ಅದು. ಇಲ್ಲಿನ ಒಳಗುಟ್ಟು ಬೇರೆ ಥರ: ಔಷಧಿ ಕೂರೋ ಜಾಗವೇನೂ ಬದಲಾಗಿರಲಿಲ್ಲ. ಗಿಡ ಔಷಧಿಯನ್ನು ಬೇಗ ಬೇಗ ಒಡೆದು ಅರಗಿಸಿಕೊಳ್ತಾ ಇತ್ತು. ನಮ್ಮ ಲಿವರ್ ಮಾತ್ರೆಯನ್ನು ಒಡೆಯೋಕೆ ಬಳಸೋ ಜಾತಿಯ ಕಿಣ್ವಗಳೇ ಗಿಡದಲ್ಲೂ ಈ ಕೆಲಸ ಮಾಡುತ್ತವೆ. ಇದು ಯಾಕೆ ಅಪಾಯ ಅಂದರೆ, ಒಂದು ವಿಷ ಅರಗಿಸೋಕೆ ಬಂದ ಗಿಡಕ್ಕೆ ಇನ್ನೂ ಕಾಣದ ಬೇರೆ ವಿಷವೂ ಅರಗಬಹುದು. 90ರ ದಶಕದ ಕೊನೆಗೆ ಬೇರೆ ಮೂರು ಔಷಧಿ ತಂದರು. ಹತ್ತು ಹದಿನೈದು ವರ್ಷದೊಳಗೆ ಅವಕ್ಕೂ ಜಗ್ಗದ ಮಂಡೂಸಿ ಸಿಕ್ಕಿತು.

ಆ ಕಥೆಯಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ ಔಷಧಿಯದ್ದಲ್ಲ. ಭತ್ತ-ಗೋಧಿ ಬಿಟ್ಟು ನಡುವೆ ಕಬ್ಬು, ಸೂರ್ಯಕಾಂತಿ, ಮೇವಿನ ಬರ್ಸೀಮ್ ಹಾಕ್ತಿದ್ದವರ ಹೊಲದಲ್ಲಿ ತೊಂದರೆ ಕಡಿಮೆ ಇತ್ತು. ಆಮೇಲೆ ಮಲಿಕ್ ಮತ್ತು ಅವರ ಜೊತೆಗಾರರು ಉಳುಮೆಯನ್ನೇ ಬಿಟ್ಟು ಗೋಧಿ ಬಿತ್ತೋ ಪದ್ಧತಿಯನ್ನು ರೈತರ ಹತ್ತಿರ ತಗೊಂಡು ಹೋದರು. ಮಣ್ಣು ಕೆದಕದಿದ್ದರೆ ಕೆಳಗಿನ ಮಂಡೂಸಿ ಬೀಜ ಮೇಲೆ ಬರಲ್ಲ, ಗೋಧಿಯನ್ನೂ ಸ್ವಲ್ಪ ಮುಂಚೆ ಬಿತ್ತಬಹುದು. ನಾಟಿ ಮಾಡ್ತಿದ್ದ ಕೆಲಸವೇ ಇನ್ನೊಂದು ವೇಷದಲ್ಲಿ, ಬೆಳೆಗೆ ನಾಲ್ಕು ದಿನ ಮುನ್ನಡೆ ಕೊಡಿಸೋದು.

ಇಷ್ಟೆಲ್ಲ ಆಗ್ತಿರುವಾಗ ಗ್ಲೈಫೊಸೇಟ್ ಮಾತ್ರ ಅಜೇಯ ಅಂತ ಎಲ್ಲರ ನಂಬಿಕೆ. ಗ್ಲೈಫೊಸೇಟ್ ಹೊಡೆದರೂ ಸಾಯದ ಸೋಯಾ ತಳಿ ಅಮೆರಿಕದ ಹೊಲಕ್ಕೆ ಇಳಿದಿದ್ದು 1996ರಲ್ಲಿ. ಮರುವರ್ಷ ಮಾನ್ಸಾಂಟೊ ವಿಜ್ಞಾನಿಗಳು ಒಂದು ಪ್ರಬಂಧ ಬರೆದು, ಈ ಔಷಧಿಗೆ ಪ್ರತಿರೋಧ ಹುಟ್ಟೋ ಸಂಭವ ತೀರಾ ಕಡಿಮೆ ಅಂತ ಕಾರಣ ಸಮೇತ ವಿವರಿಸಿದರು. ಆದರೆ ಆಸ್ಟ್ರೇಲಿಯಾದಲ್ಲಿ ಗ್ಲೈಫೊಸೇಟಿಗೆ ಜಗ್ಗದ ರೈಗ್ರಾಸ್ 1996ರಲ್ಲೇ ಸಿಕ್ಕಿಬಿಟ್ಟಿತ್ತು. ವಾದ ತಪ್ಪಿರಲಿಲ್ಲ, ಒಂದು ಹೊಲ, ಒಂದು ವರ್ಷ ಅಂತ ನೋಡಿದರೆ ಸಂಭವ ಕಡಿಮೆಯೇ. ಆದರೆ ಕೋಟಿಗಟ್ಟಲೆ ಎಕರೆಗೆ ಪ್ರತಿ ವರ್ಷ ಅದೊಂದನ್ನೇ ಹೊಡೆದರೆ?

ಉತ್ತರ ಜಾರ್ಜಿಯಾ ರಾಜ್ಯದ ಹತ್ತಿ ಹೊಲದಲ್ಲಿ 2005ರ ಹೊತ್ತಿಗೆ ಸಿಕ್ಕಿತು. ಪಾಮರ್ ಅಮರಾಂತ್. ಹೆಸರು ನೋಡಿ ಹೆದರಬೇಡಿ, ದಂಟಿನ ಸೊಪ್ಪಿನ ದಾಯಾದಿ. ಬೇಸಿಗೆಯಲ್ಲಿ ದಿನಕ್ಕೆ ಎರಡು ಇಂಚು ಬೆಳೆಯುತ್ತೆ, ಒಂದೊಂದು ಹೆಣ್ಣು ಗಿಡ ಲಕ್ಷಗಟ್ಟಲೆ ಬೀಜ ಕೊಡುತ್ತೆ. ಗ್ಲೈಫೊಸೇಟ್ ಯಾವ ಕಿಣ್ವವನ್ನು ಕಟ್ಟಿಹಾಕುತ್ತೋ, ಆ ಕಿಣ್ವದ ಜೀನಿನ ಪ್ರತಿಗಳನ್ನೇ ಇದು ಹೆಚ್ಚಿಸಿಕೊಂಡಿತ್ತು. ಕೆಲವು ಗಿಡದಲ್ಲಿ ಐದು ಪಟ್ಟು, ಕೆಲವದರಲ್ಲಿ ನೂರಾ ಅರವತ್ತಕ್ಕೂ ಹೆಚ್ಚು ಪಟ್ಟು. ಎಷ್ಟು ಅಂತ ಕಟ್ಟಿಹಾಕ್ತೀರಿ? ಗಂಡು ಗಿಡದ ಪರಾಗ ಗಾಳಿಯಲ್ಲಿ ಹೋಗುತ್ತೆ, ಪಕ್ಕದವನು ಔಷಧಿ ಹೊಡೆಯದಿದ್ದರೂ ಅವನ ಹೊಲಕ್ಕೆ ಈ ಗುಣ ತಲುಪುತ್ತೆ. ದನದ ಮೇವಿಗೆ ಅಂತ ಬೇರೆ ರಾಜ್ಯಕ್ಕೆ ಹೋದ ಹತ್ತಿಬೀಜದ ಜೊತೆ ಅದರ ಬೀಜ ಹೋಗಿ, ಗೊಬ್ಬರದಲ್ಲಿ ಹೊಲಕ್ಕೆ ಬಿತ್ತು. ಆಮೇಲೆ ಜಾರ್ಜಿಯಾದಲ್ಲಿ ಏನು ಮಾಡಿದರು ಗೊತ್ತಾ? ಹತ್ತಿ ಬೆಳೆಗಾರರಲ್ಲಿ ಬಹುಪಾಲು ಜನ ಕೂಲಿ ಕೊಟ್ಟು ಕೈಯಲ್ಲಿ ಕಳೆ ಕೀಳಿಸಿದರು. ಪ್ರಪಂಚದ ದೊಡ್ಡ ಯಂತ್ರಗಳಿರೋ ಹೊಲದಲ್ಲಿ, ಬಿಸಿಲಲ್ಲಿ ಸಾಲಾಗಿ ಬಗ್ಗಿ ನಿಂತ ಜನ.

ನಮ್ಮಲ್ಲಿ ಗ್ಲೈಫೊಸೇಟ್ ಬಗ್ಗೆ ನಡೆಯೋ ಚರ್ಚೆಯೆಲ್ಲ ಅದು ಮನುಷ್ಯನಿಗೆ ವಿಷವೋ ಅಲ್ಲವೋ ಅನ್ನೋದರ ಸುತ್ತ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ, ಇದನ್ನು ಪರವಾನಗಿ ಇರುವ ಕೀಟ ನಿಯಂತ್ರಕರ ಮೂಲಕ ಮಾತ್ರ ಬಳಸಬೇಕು ಅಂತ ಆದೇಶ ಮಾಡಿದ್ದೂ ಆ ಕಾರಣಕ್ಕೇ. ಬೇಕಾದ ಚರ್ಚೆಯೇ. ಆದರೆ ಅದರ ಗಲಾಟೆಯಲ್ಲಿ ಇನ್ನೊಂದು ಪ್ರಶ್ನೆ ಕೇಳಿಸ್ತಾನೇ ಇಲ್ಲ. ಔಷಧಿ ಕೆಲಸ ಮಾಡೋದು ನಿಂತ ದಿನ, ಅದನ್ನೇ ನಂಬಿ ಕೈ ಬಿಟ್ಟವರು ಎಲ್ಲಿಗೆ ಹೋಗಬೇಕು?

ಇನ್ನು ನಮ್ಮ ಜೇಕು. ದೊಡ್ಡಪ್ಪ ಫೋಟೋ ಕಳಿಸಿದ ಮೇಲೆ ಗೊತ್ತಾಯ್ತು, ಅದು ಗಡ್ಡೆ ಇರೋ ಕೊನ್ನಾರಿ ಅಲ್ಲ. ಕೆಸರಲ್ಲಿ ಬೀಜದಿಂದ ಹುಟ್ಟೋದು, ಮೂರು ಮೂಲೆಯ ಕಾಂಡ, ತುದಿಗೆ ಗುಂಡುಗುಂಡಾದ ಗೊಂಚಲು: ಸೈಪರಸ್ ಡಿಫಾರ್ಮಿಸ್. 2021ರಲ್ಲಿ ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯದ ವಿಜ್ಞಾನಿಗಳು ಇದೇ ಜೇಕಿನಲ್ಲಿ ಬಿಸ್ಪೈರಿಬ್ಯಾಕಿಗೆ ಪ್ರತಿರೋಧ ಇರೋದನ್ನ ಪ್ರಕಟಿಸಿದರು. ಬೀಜ ಸಿಕ್ಕಿದ್ದು ಛತ್ತೀಸಗಢ ಮತ್ತು ಕೇರಳದ ಭತ್ತದ ಗದ್ದೆಗಳಲ್ಲಿ. ಕೇರಳ ಅಂದ ತಕ್ಷಣ ನನಗೆ ಜುಂ ಅಂತು, ಕಬಿನಿ ಹುಟ್ಟೋದೇ ವಯನಾಡಲ್ಲಿ. ಆದರೆ ಛತ್ತೀಸಗಢಕ್ಕೆ ಯಾವ ಕಬಿನಿಯೂ ಹರಿಯಲ್ಲವಲ್ಲ. ಪ್ರತಿರೋಧ ಹೊರಗಿಂದ ಬರಲೇಬೇಕು ಅಂತೇನಿಲ್ಲ. ಒಂದೇ ಔಷಧಿಯನ್ನು ಒಂದೇ ಥರ ಹೊಡೆದರೆ ಒಂದೊಂದು ಗದ್ದೆಯಲ್ಲೂ ಬೇರೆ ಬೇರೆಯಾಗಿ ಹುಟ್ಟಬಹುದು. ಹುಟ್ಟಿದ ಮೇಲೆ ಹರಡೋಕೆ ಬೇಕಾದಷ್ಟು ದಾರಿ: ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಹರಿಯೋ ನೀರು, ಒಂದು ಊರು ಮುಗಿಸಿ ತೊಳೆಯದೇ ಇನ್ನೊಂದು ಊರಿಗೆ ಹೋಗೋ ಕಟಾವು ಮಿಷನ್ನು, ಗುಂಡ್ಲುಪೇಟೆ ಮೇಲೆ ಕೇರಳಕ್ಕೆ ಹೋಗೋ ಹುಲ್ಲಿನ ಲಾರಿ, ಮನೆಯಲ್ಲೇ ಎತ್ತಿಟ್ಟ ಬಿತ್ತನೆ ಭತ್ತ, ದನದ ಸಗಣಿ.

ಆ ಶನಿವಾರ ಊರಿಗೆ ಹೋದೆ. ಹೋಗೋಕೆ ಮುಂಚೆ ಓದಿಕೊಂಡಿದ್ದೆ, ಗದ್ದೆಯಲ್ಲಿ ಏನು ನೋಡಬೇಕು ಅಂತ. ಎಲ್ಲ ಜಾತಿ ಕಳೆಯೂ ಉಳಿದಿದ್ದರೆ ಔಷಧಿ ಖೋಟಾ, ಇಲ್ಲ ಹೊಡೆದ ಹೊತ್ತು ತಪ್ಪು. ಪಟ್ಟೆ ಪಟ್ಟೆಯಾಗಿ ಉಳಿದಿದ್ದರೆ ಕ್ಯಾನು ಹಿಡಿದ ಹುಡುಗ ಸಾಲು ಬಿಟ್ಟಿದ್ದಾನೆ. ಉಳಿದ ಗಿಡಗಳೆಲ್ಲ ಚಿಕ್ಕವಾಗಿದ್ದರೆ ಹೊಡೆದ ಮೇಲೆ ಹುಟ್ಟಿವೆ. ಬೇರೆ ಎಲ್ಲ ಸತ್ತು, ಒಂದೇ ಜಾತಿಯಲ್ಲಿ ಸತ್ತ ಗಿಡದ ಪಕ್ಕದಲ್ಲೇ ಅದೇ ವಯಸ್ಸಿನ ಬದುಕಿದ ಗಿಡ ನಿಂತಿದ್ದರೆ, ಆಗ ಅನುಮಾನ ಪಡಬೇಕು. ಗ್ಯಾರಂಟಿ ಆಗೋದು ಬೀಜ ತಂದು, ಕುಂಡದಲ್ಲಿ ಹಾಕಿ, ಬೇರೆ ಕಡೆಯ ಜೇಕಿನ ಜೊತೆ ಅಳತೆ ಪ್ರಕಾರ ಔಷಧಿ ಹೊಡೆದು ನೋಡಿದ ಮೇಲೆಯೇ. ಹಿಸಾರ್‌ನಲ್ಲಿ ಮಾಡಿದ್ದೂ ಅದನ್ನೇ.

ಇಷ್ಟು ಥಿಯರಿ ತಲೆಯಲ್ಲಿಟ್ಟುಕೊಂಡು ಬದುವಿನ ಮೇಲೆ ನಿಂತರೆ ನನಗೆ ಬರೀ ಹಸಿರು ಕಾಣ್ತು. ದೊಡ್ಡಪ್ಪ ನೋಡಿ ನಕ್ಕು, ಊರೊಳಗಿಂದ ಒಬ್ಬ ಅಜ್ಜಿಯನ್ನು ಕರೆಸಿದರು. ನಮ್ಮಜ್ಜಿ ಜೊತೆ ಸಾಲು ಹಿಡಿದು ಕಳೆ ಕಿತ್ತವರು, ಈಗ ಎಪ್ಪತ್ತರ ಹತ್ತಿರ. ಸೀರೆ ಎತ್ತಿಕಟ್ಟಿ ಕೆಸರಿಗೆ ಇಳಿದು ಹತ್ತು ನಿಮಿಷ ಅಡ್ಡಾಡಿದರು.

“ಮೂಡ್ಲಾಗಿ ಒಂದ್ ಗುಂಪದೆ, ಮೋರಿ ತಾವ ಒಂದ್ ಗುಂಪದೆ. ಸತ್ತಿರೋವು ಪಕ್ಕದಲ್ಲೇ ನಿಂತವೆ. ಇವು ಈ ವರ್ಸದವಲ್ಲ ಕಣ್ಮಗ. ಹೋದ್ ವರ್ಸನೂ ಇಲ್ಲೇ ನಾಕು ನಿಂತಿದ್ದೋ.”

“ಹೋದ ವರ್ಷನೇ ನೋಡಿದ್ರಾ? ಯಾಕೆ ಹೇಳ್ಲಿಲ್ಲ ಅಜ್ಜಿ?”

“ಯಾರ್ ಕೇಳುದ್ರು?”

ದೊಡ್ಡಪ್ಪ ಬೇರೆ ಕಡೆ ನೋಡಿದರು. ಇನ್ನೆರಡು ವರ್ಷ ನೋಡಿ ಅಡಿಕೆ ಹಾಕಿಬಿಡೋಣ ಅಂತ ಅವರಾಗಲೇ ಮನಸ್ಸು ಮಾಡಿದ್ದಾರೆ. ಕೂಲಿ ಎಷ್ಟಾದರೂ ಆಗಲಿ, ಜೇಕು ಬೀಜ ಉದುರಿಸೋಕೆ ಮುಂಚೆ ಆ ಎರಡು ಗುಂಪನ್ನು ಕೀಳಿಸೋಣ ಅಂದೆ. ಒಪ್ಪಿದರು. ಅಜ್ಜಿಯೇ ಸೋಮವಾರಕ್ಕೆ ಇನ್ನಿಬ್ಬರನ್ನು ಕರ್ಕೊಂಡು ಬರ್ತೀನಿ ಅಂದರು. ಇನ್ನಿಬ್ಬರೂ ಅವರ ವಯಸ್ಸಿನವರೇ. ಬಲಿತ ಗೊಂಚಲು ಕೆಲವನ್ನು ನಾನು ಕಾಗದದ ಕವರಿಗೆ ಹಾಕಿ, ಮೇಲೆ ತಾರೀಖು, ಸರ್ವೆ ನಂಬರು ಬರೆದು, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಇಟ್ಟುಕೊಂಡೆ. ಕುಂಡಗಳು ಬಾಲ್ಕನಿಯಲ್ಲಿವೆ.

ಹೊರಡೋ ಹೊತ್ತಿಗೆ ಆ ಅಜ್ಜಿ ಬದುವಿನಲ್ಲಿ ಕೂತು ಹೊನಗೊನೆ, ಕನ್ನೆ ಸೊಪ್ಪು ಬಿಡಿಸಿ ಮಡಿಲಿಗೆ ಹಾಕ್ಕೊಳ್ತಾ ಇದ್ದರು. ಅರ್ಧ ಮಡಿಲು ತುಂಬಿತ್ತು. ಏನೋ ನೆನಪಾದ ಹಾಗೆ ತಲೆಯೆತ್ತಿ ದೊಡ್ಡಪ್ಪನ್ನ ಕೇಳಿದರು.

“ಬದೀಗೂ ಹೊಡ್ಸಿದ್ರಾ ಬುದ್ಧಿ?”

“ಬದೀಗಿಲ್ಲ ಕಣಮ್ಮಿ. ಗಾಳೀಗೆ ಒಸಿ ಬಿದ್ದಿರ್ಬೋದು.”

ಅವರು ಎದ್ದು ನಿಂತು ಮಡಿಲು ಕೊಡವಿದರು.